ಅಜ್ಜಿ ಕರೆದ ಧರಣಿ

ರಾಗಿ ಹಿಟ್ಟು ಕುದಿಯುವಾಗ ತಳ ಹಿಡಿದರೆ ಒಂದು ವಾಸನೆ ಬರುತ್ತದೆ. ಗುಂಡ್ಲುಪೇಟೆಯ ಈ ಬಾಡಿಗೆ ಮನೆಯಲ್ಲಿ ಅಂಬಲಿ ಕಾಸುತ್ತಾ ಎಷ್ಟೋ ಸಲ ಬೇಕೆಂದೇ ಸೌಟು ನಿಲ್ಲಿಸಿದ್ದೇನೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಹರವೆಯ ಬಸ್ ರಸ್ತೆಯಿಂದ ಒಳಗಿದ್ದ ನಮ್ಮೂರಿನ ತೊಟ್ಟಿಮನೆ, ಹೊಗೆ ಹಿಡಿದ ಅಡುಗೆಕೋಣೆ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಅಜ್ಜಿ, ಪಕ್ಕದಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹರಡಿಕೊಂಡ ಮಂಗಳಕ್ಕ, ಎಲ್ಲ ಕಣ್ಣಮುಂದೆ ಬರುತ್ತದೆ. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದು ಹೋಗಿದ್ದರೆ ನಾನು ಹೇಳುವುದು ಬೇಗ ತಿಳಿಯುತ್ತದೆ.

ಮಂಗಳಕ್ಕ ನನ್ನ ದೊಡ್ಡಪ್ಪನ ಮಗಳು. ಆಗ ಚಾಮರಾಜನಗರದಲ್ಲಿ ಪಿಯುಸಿ ಓದುತ್ತಿದ್ದಳು. ನಮ್ಮೂರಿಗೆ ಬಸ್ಸಿರಲಿಲ್ಲ. ಅವಳೂ ಗೆಳತಿಯರೂ ಬೆಳಕು ಹರಿಯುವ ಮುನ್ನವೇ ಕಬ್ಬಿನ ಗದ್ದೆಗಳ ನಡುವಿನ ಹಾದಿಯಲ್ಲಿ ನಡೆದು ಹರವೆಗೆ ಹೋಗಿ ಬಸ್ ಹಿಡಿಯಬೇಕಿತ್ತು. ದೊಡ್ಡಪ್ಪ ಕೆಟ್ಟವರಲ್ಲ, ಹೆದರುಪುಕ್ಕಲರು ಅಷ್ಟೆ. ಮಗಳು ಮನೆ ಸೇರುವ ತನಕ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಕೊನೆಗೊಂದು ದಿನ, "ದೀಪಾವಳಿಗಂಟ ನೋಡ್ತೀನಿ ಕಣಮ್ಮಿ. ಬಸ್ ಬಂದ್ರೆ ಸರಿ, ಇಲ್ದಿದ್ರೆ ಕಾಲೇಜು ಬುಟ್ಬುಡು" ಅಂದರು. ಮಂಗಳಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಗೆಳತಿಯರನ್ನೆಲ್ಲ ಸೇರಿಸಿ, ಹರವೆಯ ಬಸ್ ನಿಲ್ದಾಣದ ಎದುರು ಧರಣಿ ಕೂರುವುದೆಂದು ಗೊತ್ತುಮಾಡಿಕೊಂಡು ಬಂದಳು. ನಾನಾಗ ನಾಲ್ಕನೇ ಕ್ಲಾಸಿನ ಹುಡುಗಿ. ಧರಣಿ ಅಂದರೆ ಏನೆಂದು ತಿಳಿಯದಿದ್ದರೂ ನನ್ನಷ್ಟು ಸಡಗರ ಅವತ್ತು ಊರಿನಲ್ಲಿ ಇನ್ಯಾರಿಗೂ ಇರಲಿಲ್ಲ.

ಕ್ಯಾಲೆಂಡರಿನ ಹಾಳೆಗಳ ಹಿಂಬದಿಗೆ ಬರೆದ ಪೋಸ್ಟರಿಗೆ ಅಂಟು ಬೇಕಿತ್ತು, ಮನೆಯಲ್ಲಿ ಮೈದಾ ಇರಲಿಲ್ಲ. "ರಾಗಿಟ್ಟಿಗೇನ್ ಬರ ಬಂದದಾ?" ಎಂದು ಅಜ್ಜಿಯೇ ಒಲೆ ಹೊತ್ತಿಸಿ ರಾಗಿ ಅಂಟು ಕಾಸಿದಳು. ಅದು ತಳ ಹಿಡಿದು ಮನೆಯೆಲ್ಲ ವಾಸನೆ. ಸಂಜೆ ಬೀದಿಬೀದಿಗೆ ಹೋಗಿ ಅಂಟಿಸಿ ಬಂದೆವು. ಬೆಳಗ್ಗೆ ಎದ್ದು ನೋಡಿದರೆ ಮೇಯಲು ಹೊರಟ ದನಗಳು ಗೋಡೆಗಳನ್ನು ನೆಕ್ಕಿ ನೆಕ್ಕಿ ಹೊಳೆಯಿಸುತ್ತಿದ್ದವು. ಎದುರು ಮನೆಯ ಆಡಿನ ಬಾಯಲ್ಲಿ ಪೋಸ್ಟರಿನ ಕೊನೆಯ ತುಂಡು ಆಡುತ್ತಿತ್ತು. ಅಜ್ಜಿ ಅಂಟಿಗೂ ಕೈತುಂಬ ಉಪ್ಪು ಹಾಕಿದ್ದಳು! "ಉಪ್ಪಾಕ್ದೆ ರಾಗಿ ತಿರುವಿ ಗೊತ್ತಿಲ್ಲ ಕಣಮ್ಮಿ ನಂಗೆ" ಎಂದು ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕಳು. ಮಂಗಳಕ್ಕನಿಗೆ ಮಾತ್ರ ಅಳುವೇ ಬಂತು. "ನಾಳೀಕೆ ಧರಣಿ. ಇನ್ಯಾರಜ್ಜಿ ಬಂದಾರು?"

ಅಜ್ಜಿ ನಗು ನಿಲ್ಲಿಸಿದಳು. ಒಳಗಿನಿಂದ ಹಿತ್ತಾಳೆಯ ಕುಂಕುಮದ ಭರಣಿ ತಂದು ನನ್ನ ಕೈಗಿಟ್ಟಳು. ನಮ್ಮ ಕಡೆ ಮದುವೆಗೆ ಕರೆಯುವವರು ಮನೆಮನೆಗೆ ಹೋಗಿ ಹೆಂಗಸರ ಹಣೆಗೆ ಕುಂಕುಮವಿಟ್ಟು ಕರೆಯಬೇಕು. ತಾತ ಹೋದ ಮೇಲೆ ಅಜ್ಜಿಯ ಹಣೆಯಲ್ಲಿ ವಿಭೂತಿಯೊಂದೇ. ಯಾರನ್ನೂ ಶುಭಕಾರ್ಯಕ್ಕೆ ಕರೆಯಲು ಅವಳು ಹೋಗುವ ಹಾಗಿರಲಿಲ್ಲ. ಆವತ್ತು ಮಾತ್ರ ಹೊರಟಳು. ಪ್ರತಿ ಮನೆಯಲ್ಲೂ ಹೊಸಲಿನ ಆಚೆಗೇ ನಿಂತು, "ನಾಳೀಕೆ ಹರವೇಲಿ ನಮ್ ಮಂಗ್ಳನ್ ಧರಣಿ ಮಡಿಕಂಡಿವಿ. ಮನೆಮಂದಿಯೆಲ್ಲ ಬರ್ಬೇಕು ಕಣವ್ವ" ಎನ್ನುವಳು. ನಾನು ಒಳಗೆ ಓಡಿಹೋಗಿ ಹಣೆಗೆ ಕುಂಕುಮ ಇಡುವೆ. "ಊಟ ಅಲ್ಲೇಯಾ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. "ಊಟ ಇಲ್ಲ ಕಣವ್ವ, ಕೂತ್ಕಳದು ಅಷ್ಟೆಯ" ಅಂದಳು ಅಜ್ಜಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಮರುದಿನ ಹೊರಡುವ ಹೊತ್ತಿಗೆ ಅಜ್ಜಿ ಹಿತ್ತಿಲು ಸೇರಿಕೊಂಡಿದ್ದಳು. "ಒಳ್ಳೇ ಕೆಲ್ಸಕ್ ಓಯ್ತಾ ಇದ್ದೀರಿ. ನಾನ್ ಎದುರ್ಗೆ ಬರ್ಬಾರ್ದು." ಊರನ್ನೆಲ್ಲ ಕರೆದವಳು ತನ್ನನ್ನು ಮಾತ್ರ ಹೊರಗಿಟ್ಟುಕೊಂಡಿದ್ದಳು. ಮಂಗಳಕ್ಕ ನನ್ನ ಕೈಯಿಂದ ಭರಣಿ ಕಿತ್ತುಕೊಂಡು ಹೋಗಿ, ಅಜ್ಜಿಯ ವಿಭೂತಿಯ ಕೆಳಗೆ ಸಣ್ಣದಾಗಿ ಕುಂಕುಮ ಇಟ್ಟಳು. "ಕರ್ದಿವ್ನಿ. ನೀ ಬರ್ದಿದ್ರೆ ನಾನೂ ಓಗಲ್ಲ" ಅಂದಳು. ಅಜ್ಜಿಯ ಕೈ ಒರೆಸಿಕೊಳ್ಳಲು ಹಣೆಯವರೆಗೆ ಹೋಯಿತು. ಅಲ್ಲೇ ನಿಂತಿತು. ಬಾಗಿಲಲ್ಲಿದ್ದ ದೊಡ್ಡಪ್ಪ ಕಂಡರೂ ಕಾಣದವರಂತೆ ಗಾಡಿಗೆ ಎತ್ತು ಹೂಡಲು ಹೋದರು.

ಆವತ್ತಿನಷ್ಟು ಚೆಂದದ ಧರಣಿಯನ್ನು ನಾನು ಮತ್ತೆ ನೋಡಿಲ್ಲ. ಕರೆದವರೆಲ್ಲ ಪೆಟ್ಟಿಗೆಯ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದಿದ್ದರು. ಹುಡುಗಿಯರು ಸಾಲಾಗಿ ಕೂತು ಕೂಗಿದರೆ ಹೆಂಗಸರು ಅಷ್ಟೇ ಜೋರಾಗಿ ಹಿಂದಿನಿಂದ ಕೂಗುತ್ತಿದ್ದರು. ನಡುವೆ ಎಲೆ-ಅಡಿಕೆಯ ತಟ್ಟೆ ಕೈಯಿಂದ ಕೈಗೆ ಓಡಾಡುತ್ತಿತ್ತು. ದೊಡ್ಡಪ್ಪ ತಮ್ಮ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಧ್ಯಾಹ್ನ ಜೀಪಿನಲ್ಲಿ ಬಂದ ಅಧಿಕಾರಿ ಇದು ಧರಣಿಯೋ ದಿಬ್ಬಣವೋ ತಿಳಿಯದೆ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಅರ್ಜಿ ಓದಿ ಒಪ್ಪಿಕೊಂಡರು. ದೀಪಾವಳಿಗೆ ಮೊದಲೇ ಬಸ್ ಬಂತು. ಮಂಗಳಕ್ಕ ಓದಿದಳು.

ಈಗ ಅಜ್ಜಿಯೂ ಇಲ್ಲ, ದೊಡ್ಡಪ್ಪನೂ ಇಲ್ಲ. ತೊಟ್ಟಿಮನೆ ಇದ್ದ ಜಾಗದಲ್ಲಿ ಯಾರೋ ಅರಿಶಿನದ ಬೆಳೆ ಹಾಕಿದ್ದಾರೆ. ಮಂಗಳಕ್ಕ ಇದೇ ಗುಂಡ್ಲುಪೇಟೆಯಲ್ಲಿ ಟೀಚರು. ಮೊನ್ನೆ ಅವಳ ಹಳೆಯ ವಿದ್ಯಾರ್ಥಿನಿಯರು ಹಾಸ್ಟೆಲಿನ ದಾರಿಗೆ ದೀಪ ಬೇಕೆಂದು ಧರಣಿ ಕೂತರು. ನಮ್ಮಿಬ್ಬರಿಗೂ ಫೋನಿನಲ್ಲೇ ಕರೆ ಬಂತು. ಹೋಗೋಣವೆಂದು ಮಂಗಳಕ್ಕ ಬೆಳಗ್ಗೆಯೇ ನಮ್ಮ ಮನೆಗೆ ಬಂದಳು. ಭಾವ ತೀರಿಕೊಂಡು ಎರಡು ವರ್ಷ, ಅವಳ ಹಣೆ ಬರಿದಾಗಿತ್ತು. ಬ್ಯಾಗಿನಿಂದ ಆ ಹಿತ್ತಾಳೆಯ ಭರಣಿ ತೆಗೆದು ನನ್ನ ಮುಂದೆ ಹಿಡಿದಳು. "ಕರಿ ಮತ್ತೆ" ಅಂದಳು. ನಾನು ಕುಂಕುಮ ಇಟ್ಟೆ. ಅಷ್ಟರಲ್ಲಿ ಅಂಬಲಿ ತಳ ಹಿಡಿದ ವಾಸನೆ ಬಂತು. ಇಬ್ಬರೂ ಒಟ್ಟಿಗೇ ಒಲೆಯ ಕಡೆ ತಿರುಗಿದೆವು, ಅಲ್ಲಿ ಅಜ್ಜಿ ಕೂತಿರುತ್ತಾಳೆ ಎಂಬಂತೆ.