ಮೌಸ್ ಮುಟ್ಟದ ಲಕ್ಷ್ಮಿದೇವಿ

ಆರು ವರ್ಷದ ಹಿಂದೆ ಲಕ್ಷ್ಮಿದೇವಿ ಒಂದು ಮಾತು ಕೊಟ್ಟಿದ್ದರು. ಹನೂರು ಕಡೆಯ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರು ಶಿವನಂಜಯ್ಯನವರಿಗೆ. "ನಿಮ್ಮ ಮೌಸ್ ನಾನ್ ಮುಟ್ಟಕಿಲ್ಲ ಸಾ. ಮಕ್ಕಳ ಮುಂದೆ ನೀವೇ ಪಾಠ ಮಾಡಗಂಟ ಬತ್ತೀನಿ."

ಇವತ್ತು ಜನವರಿಯ ಕೊನೆಯ ದಿನ, ಮೇಷ್ಟ್ರ ನಿವೃತ್ತಿಯ ದಿನವೂ ಹೌದು. ಬೆಳಗಿನ ಐದೂಮುಕ್ಕಾಲಿಗೆ ಲಕ್ಷ್ಮಿದೇವಿ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿದ್ದಾರೆ. ಹೆಗಲ ಚೀಲದಲ್ಲಿ ಟವೆಲು ಸುತ್ತಿದ ಎರಡು ಮೌಸು, ಒಂದು ಕೀಬೋರ್ಡು, ಉಪ್ಪಿಟ್ಟಿನ ಡಬ್ಬಿ. ಶಾಲೆಗಳಲ್ಲಿ ವೈರುಗಳನ್ನು ಇಲಿ ಬಿಟ್ಟಿರುವುದಿಲ್ಲ. ಹನೂರಿನ ಬಸ್ಸು ಬಂದರೆ ಸೀಟು ಹಿಡಿದು ಅರ್ಧ ಗಂಟೆ ಕಣ್ಣು ಮುಚ್ಚುತ್ತಾರೆ. ಇಡೀ ದಿನದಲ್ಲಿ ವಿಶ್ರಾಂತಿ ಅಷ್ಟೆ.

ವಯಸ್ಸು ನಲವತ್ತೊಂದು. ಹೈಸ್ಕೂಲ್ ಮೇಷ್ಟ್ರುಗಳಿಗೆ ಕಂಪ್ಯೂಟರ್ ಕಲಿಸುವ ಗುತ್ತಿಗೆ ಕೆಲಸ. ಕೊಳ್ಳೇಗಾಲ, ಹನೂರು, ಯಳಂದೂರು ಸೇರಿ ಹನ್ನೊಂದು ಶಾಲೆ, ದಿನಕ್ಕೆ ನಾಲ್ಕು ಬಸ್ಸು. ವರ್ಷಕ್ಕೆ ಮೂವತ್ತು ಶಿಕ್ಷಕರು ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ. ಇಪ್ಪತ್ತೊಂಬತ್ತು ಆಗಿದೆ. ಮೂವತ್ತನೆಯವರೇ ಶಿವನಂಜಯ್ಯ. ಪರೀಕ್ಷೆಯ ಪುಟ ಇವತ್ತು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ.

ಬೇರೆ ತರಬೇತುದಾರರು ಮೇಷ್ಟ್ರುಗಳ ಪಾಸ್‌ವರ್ಡ್ ಇಸಿದುಕೊಂಡು ತಾವೇ ಉತ್ತರ ಒತ್ತಿ ಮುಗಿಸುತ್ತಾರಂತೆ. ಶಿವನಂಜಯ್ಯನವರಿಗೂ ಹಿಂದೆ ಬೇರೊಂದು ತರಬೇತಿಯಲ್ಲಿ ಹಾಗೇ ಒಂದು ಪ್ರಮಾಣಪತ್ರ ಬಂದಿತ್ತು. ಆಮೇಲೆ ನಲವತ್ತೆರಡು ಮಕ್ಕಳೆದುರು ಯಂತ್ರ ಆನ್ ಮಾಡಲು ಬಾರದೆ ಬೆವೆತು ಹೊರಗೆ ಬಂದಿದ್ದರು. ಲಕ್ಷ್ಮಿದೇವಿ ಮಾತು ಕೊಟ್ಟದ್ದು ಅದಾದ ಮೇಲೆ. ಶಾಲೆಯಲ್ಲಿ ಕೆಟ್ಟಿದ್ದ ಕಂಪ್ಯೂಟರುಗಳು ರಿಪೇರಿಯಾಗಲು ನಾಲ್ಕು ವರ್ಷ ಬೇಕಾಯಿತು. ಕಲಿಕೆ ಶುರುವಾಗಿ ಎರಡು ವರ್ಷ, ಮಕ್ಕಳೆದುರಿನ ಪಾಠ ಇವತ್ತಿಗೆ ಗೊತ್ತಾಗಿದೆ.

ಕಲಿಸುವಾಗ ಈಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ. ರೇಷ್ಮೆ ನೇಯುವ ಮನೆಯ ಅಭ್ಯಾಸವದು. "ನಮ್ಮವ್ವ ರಾಚಮ್ಮ ಮಗ್ಗ ಕಲ್ಸುವಾಗ ಲಾಳಿ ಮುಟ್ತಿರ್ನಿಲ್ಲ. ಎಳೆ ಕಿತ್ರೆ ಕಿತ್ತೋರೇ ಗಂಟಾಕ್ಬೇಕು." ಅದೇ ಶಾಲೆಯ ವಿಜ್ಞಾನದ ಮಾದಸ್ವಾಮಿ ಮೇಷ್ಟ್ರಿಗೆ ಇದು ತಮಾಷೆ. ಕೈ ಕಟ್ಟಿ ನಿಲ್ಲೋಕೂ ಸಂಬಳ ಕೊಡ್ತಾರಾ ಮೇಡಂ, ಹಂಗಾದ್ರೆ ನಾನೂ ಅರ್ಜಿ ಹಾಕ್ತೀನಿ ಎನ್ನುತ್ತಾರೆ. ಆದರೆ ಅವರು ಕಲಿತದ್ದೂ ಇದೇ ಕೈ ಕಟ್ಟಿದವರಿಂದ.

ಶಿವನಂಜಯ್ಯನವರ ಶಾಲೆಯಲ್ಲಿ ಇವತ್ತು ಬೆಳಿಗ್ಗೆಯಿಂದ ಕರೆಂಟಿಲ್ಲ. ಮಧ್ಯಾಹ್ನ ಮೂರೂಕಾಲಿಗೆ ಬಂದಾಗ ಚಾಲೂ ಆದದ್ದು ಒಂದೇ ಕಂಪ್ಯೂಟರು. ಪರೀಕ್ಷೆಗೆ ಮುಕ್ಕಾಲು ಗಂಟೆ ಬೇಕು, ನಾಲ್ಕೂಕಾಲಿಗೆ ಶಾಲೆ ಬಿಡುತ್ತದೆ. ಪರೀಕ್ಷೆಗೆ ಕೂತರೆ ಪಾಠವಿಲ್ಲ, ಪಾಠ ಮಾಡಿದರೆ ಪರೀಕ್ಷೆಯಿಲ್ಲ. ಒಂಬತ್ತನೇ ತರಗತಿಯ ಮಕ್ಕಳು ಆಗಲೇ ನೆಲದ ಮೇಲೆ ಕೂತು ಕಾಯುತ್ತಿದ್ದಾರೆ.

ಶಿವನಂಜಯ್ಯ ಜೇಬಿನಿಂದ ಚೀಟಿಯೊಂದನ್ನು ತೆಗೆದು ಲಕ್ಷ್ಮಿದೇವಿಯ ಮುಂದೆ ಹಿಡಿಯುತ್ತಾರೆ. ಅವರ ಪಾಸ್‌ವರ್ಡು. "ಪಾಠ ಬುಡವ್ವ. ಪರೀಕ್ಸೆ ನೀನೇ ಒತ್ಬುಡು. ನಾನಂತೂ ಮನೇಗೋಯ್ತೀನಿ, ನಿನ್ ಕೆಲ್ಸ ಉಳೀಲಿ."

ಲಕ್ಷ್ಮಿದೇವಿ ಚೀಟಿಯನ್ನು ನೋಡುತ್ತಾರೆ. ಕೈ ಬೆನ್ನ ಹಿಂದೆಯೇ ಇದೆ.

"ಮಡಿಕಳಿ ಸಾ. ಮಕ್ಕಳು ಕಾಯ್ತಾವೆ."

ಮೇಷ್ಟ್ರು ಕೂರುತ್ತಾರೆ. ಮೌಸ್ ಹಿಡಿದು ಎರಡು ಸಲ ತಪ್ಪು ಕಡೆ ಒತ್ತುತ್ತಾರೆ, ಲಕ್ಷ್ಮಿದೇವಿ ಬಾಯಲ್ಲಿ ದಾರಿ ಹೇಳುತ್ತಾರೆ. ಪ್ರೊಜೆಕ್ಟರಿನ ಬೆಳಕಲ್ಲಿ ಗೋಡೆಯ ಮೇಲೆ ಚೌಕುಳಿ ಮೂಡುತ್ತದೆ, ಅದರ ಮೇಲೊಂದು ಓರೆ ಗೆರೆ. ಸಮೀಕರಣದಲ್ಲಿ ಎರಡನ್ನು ಅಳಿಸಿ ಐದು ಹಾಕಿದರೆ ಗೆರೆ ಕಡಿದಾಗಿ ಏಳುತ್ತದೆ. ಮುಂದೆ ಕೂತ ಸಿಂಧು, ಇನ್ನೊಂದ್ಸಲ ತೋರ್ಸಿ ಸಾ ಎನ್ನುತ್ತಾಳೆ. ಮೇಷ್ಟ್ರು ಇನ್ನೊಂದು ಸಲ ತೋರಿಸುತ್ತಾರೆ. ಮತ್ತೊಂದು ಸಲವೂ.

ಪಾಠ ಮುಗಿದಾಗ ನಾಲ್ಕೂ ಹತ್ತು. ಲಕ್ಷ್ಮಿದೇವಿ ಮೌಸುಗಳನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮುಂದಿನ ವರ್ಷ ಏನು ಮಾಡುತ್ತೀರಿ ಎಂದರೆ, ಗೊತ್ತಿಲ್ಲ, ಅವ್ವನ ಮಗ್ಗ ಇದೆ ಎನ್ನುತ್ತಾರೆ.

ಸಂಖ್ಯೆ ಇಪ್ಪತ್ತೊಂಬತ್ತಕ್ಕೇ ನಿಂತಿದೆ. ಆರು ವರ್ಷದ ಹಿಂದಿನ ಮಾತು ಉಳಿದಿದೆ.