ಹರಾಜಿನಿಂದ ಹಿಂದಕ್ಕೆ ಬಂದ ಕೊಡ

ಫೋನಿನಲ್ಲಿ ಹರಾಜು ನಡೆಸುವ ಗುಂಪಿಗೆ ನನ್ನನ್ನು ಸೇರಿಸಿದವಳು ನನ್ನ ಮಗಳು. ಹಳೆಯ ಪಾತ್ರೆ, ಗಡಿಯಾರ, ದೀಪದ ಕಂಬ, ಇಂಥವುಗಳ ಫೋಟೋ ಹಾಕುತ್ತಾರೆ. ಬೇಕಾದವರು ಕೆಳಗೆ ತಮ್ಮ ಬೆಲೆ ಬರೆಯುತ್ತಾ ಹೋಗುತ್ತಾರೆ. ಭಾನುವಾರ ಸಂಜೆ ಆರಕ್ಕೆ ಯಾರ ಬೆಲೆ ಮೇಲಿರುತ್ತದೋ ವಸ್ತು ಅವರ ಪಾಲು. ಮೊದಲು ನಾನು ನಕ್ಕಿದ್ದೆ. ಕೈಯಲ್ಲಿ ಹಿಡಿದು, ಬಾರಿಸಿ ನೋಡದೆ ಪಾತ್ರೆ ಕೊಳ್ಳುವವರಿಗೆ ತಲೆ ಸರಿಯಿಲ್ಲ ಅಂದಿದ್ದೆ. ಆಮೇಲೆ ಆ ಹುಚ್ಚು ನನಗೇ ಹಿಡಿಯಿತು.

ಕಾರಣವಿತ್ತು. ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಮಗಳನ್ನು ಕಳಿಸುವಾಗ ತಾಯಿ ಒಂದು ತಾಮ್ರದ ಕೊಡ ಕೊಡಬೇಕು. ಅದರ ಕುತ್ತಿಗೆಯ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿರಬೇಕು. ನನ್ನ ಅವ್ವ ನನಗೂ ಕೊಟ್ಟಿದ್ದಳು. ಹನ್ನೆರಡು ವರ್ಷ ಆ ಕೊಡದಲ್ಲಿ ನೀರು ತಂದೆ. ಆಮೇಲೆ ಓಣಿಯ ಹೆಂಗಸರೆಲ್ಲ ತಾಮ್ರ ಹಿತ್ತಾಳೆ ಕೊಟ್ಟು ಸ್ಟೀಲು ಪ್ಲಾಸ್ಟಿಕ್ಕು ತೆಗೆದುಕೊಳ್ಳುವ ಕಾಲ ಬಂತು. ನಾನೂ ಹಿಂದೆ ಬೀಳಲಿಲ್ಲ. ಬಾಗಿಲಿಗೆ ಬಂದ ಗಾಡಿಯವನಿಗೆ ಅವ್ವನ ಕೊಡ ಕೊಟ್ಟು ನಾಲ್ಕು ಪ್ಲಾಸ್ಟಿಕ್ ಕೊಡ ತೆಗೆದುಕೊಂಡೆ. ಎರಡು ಹಸಿರು, ಎರಡು ಕೆಂಪು. ಮೇಲೆ ಒಂದು ಸ್ಟೀಲಿನ ಡಬ್ಬಿ. ಶಾಲೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಟೀಚರು ನಾನು, ಎಲ್ಲರ ಬಾಯಲ್ಲಿ ಅಕ್ಕಾರು; ಸ್ವಂತಕ್ಕೆ ಮಾತ್ರ ಬುದ್ಧಿಯ ಬರ. ಅವ್ವ ಊರಿಂದ ಬಂದಾಗ ಆ ಸಾಲು ಕೊಡಗಳನ್ನು ನೋಡಿದಳು. ನೀರು ಕೊಟ್ಟರೆ ಬೇಡವೆಂದು, ಬರೀ ಚಹಾ ಕುಡಿದು ಹೋದಳು. ಆ ಸಂಕಟ ಇವತ್ತಿಗೂ ಇದೆ.

ಹಾಗಾಗಿ ಮಗಳಿಗಾದರೂ ಹಳೆಯ ಕಾಲದ ಗಟ್ಟಿ ಕೊಡವನ್ನೇ ಕೊಡಬೇಕೆಂಬ ಹಟ. ಈಗಿನ ಅಂಗಡಿಯ ಕೊಡಗಳನ್ನು ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತವೆ. ಎರಡು ತಿಂಗಳು ಕಾದ ಮೇಲೆ ಗುಂಪಿನಲ್ಲಿ ಒಂದು ಕೊಡ ಬಂತು. ಮಸಿ, ಕಿಲುಬು ಹಿಡಿದು ಕರ್ರಗಾಗಿತ್ತು, ಆದರೆ ಮೈಕಟ್ಟು ನೋಡಿದರೆ ನನ್ನ ಅವ್ವ ಕೊಟ್ಟದ್ದರ ಅಕ್ಕನೋ ತಂಗಿಯೋ ಅನ್ನಬೇಕು. ಮಾರುವವರು ಗಂಗಾವತಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರು. ನಾನು ಬೆಲೆ ಬರೆದೆ. ಕೊಪ್ಪಳದ ಹೋಟೆಲಿನವರೊಬ್ಬರು ನನ್ನ ಮೇಲೆ ಬರೆದರು, ಹೂವಿನ ಗಿಡ ಇಡಲು ಬೇಕಂತೆ. ಗಿಡ ಇಡಲು! ನಾನು ಅವರ ಮೇಲೆ ಬರೆದೆ. ಶುಕ್ರವಾರದ ಹೊತ್ತಿಗೆ ನನ್ನ ಒಂದು ತಿಂಗಳ ಕಿರಾಣಿ ಸಾಮಾನಿನ ದುಡ್ಡು ಆ ಕೊಡದ ಮೇಲೆ ಹೋಗಿ ಕೂತಿತ್ತು.

ಅಷ್ಟು ಕೊಡುವವಳು ಸುಮ್ಮನೆ ಕೊಟ್ಟೇನೇ? ಕುತ್ತಿಗೆಯ ಹತ್ತಿರ ಒಂದಿಷ್ಟು ಉಜ್ಜಿ ತೋರಿಸಿ, ತಾಮ್ರವೋ ಬಣ್ಣ ಹಚ್ಚಿದ ತಗಡೋ ಗೊತ್ತಾಗಲಿ ಎಂದು ಬರೆದೆ. ಅವರು ಸರಿ ಅಂದರು. ಮರುದಿನ, ಅಂದರೆ ಹರಾಜು ಮುಗಿಯಲು ಇನ್ನೂ ಒಂದು ದಿನವಿರುವಾಗ, ಅವರಿಂದ ಒಂದೇ ಸಾಲು ಬಂತು. ಈ ಕೊಡ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಮಾರುವುದಿಲ್ಲ, ಮಾಫ್ ಮಾಡಿ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುಂಪಿನಲ್ಲಿ ಒಂದು ನಿಯಮವಿದೆ. ಬೆಲೆ ಬಿದ್ದ ಮೇಲೆ ವಸ್ತು ಹಿಂತೆಗೆದವರನ್ನು ಮೂರು ತಿಂಗಳು ಹೊರಗಿಡುತ್ತಾರೆ. ಅವರನ್ನೂ ಹೊರಗಿಟ್ಟರು. ಹೊರಗೆ ಹಾಕುವ ಮುಂಚೆ ಎಲ್ಲರೂ ಒಂದೊಂದು ಕಲ್ಲು ಎಸೆದರು. ಒಳಗಿಂದೊಳಗೆ ಯಾರೋ ಜಾಸ್ತಿ ಕೊಟ್ಟಿರಬೇಕು ಎಂದರು, ಇಂಥವರಿಂದಲೇ ವ್ಯಾಪಾರ ಕೆಟ್ಟಿದೆ ಎಂದರು. ಎಲ್ಲರಿಗಿಂತ ಖಾರವಾಗಿ ಬರೆದವಳು ನಾನೇ. ಮಾತಿಗೆ ತಪ್ಪಿದವರ ಕಲಾಯಿ ಎಷ್ಟು ದಿನ ನಿಲ್ಲುತ್ತದೆ ನೋಡುತ್ತೇನೆ, ಎಂದು ಬರೆದೆ. ಬರೆದದ್ದಕ್ಕೆ ಹೆಮ್ಮೆಯೂ ಪಟ್ಟೆ. ಅವರಿಂದ ಒಂದಕ್ಷರವೂ ಉತ್ತರ ಬರಲಿಲ್ಲ. ಜಗಳಕ್ಕೆ ಕರೆದರೆ ಬರದವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು.

ಭಾನುವಾರ ಬೆಳಗ್ಗೆಯೇ ನಮ್ಮೂರು ಕುಷ್ಟಗಿಯಿಂದ ಗಂಗಾವತಿಯ ಬಸ್ಸು ಹತ್ತಿದೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಜಗಳವಾಡಿ ಬರಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು. ಕನಕಗಿರಿ ದಾಟಿ, ಕಾಲುವೆಯ ನೀರಿನ ಭತ್ತದ ಗದ್ದೆಗಳು ಶುರುವಾಗುವವರೆಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಕಲಾಯಿಗೆ ಬಳಸುವ ನವಸಾಗರದ ಹೊಗೆಯ ವಾಸನೆ ಹಿಡಿದು ಹೋದೆ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಮಸಿಯಾದ ಬನಿಯನ್ನು, ಬೆರಳುಗಳ ತುದಿ ಸುಟ್ಟು ಸುಟ್ಟು ನುಣ್ಣಗಾಗಿವೆ. ನಾನು ಬಾಯಿ ತೆರೆಯುವ ಮೊದಲೇ ಸ್ಟೂಲು ಒರೆಸಿ ಮುಂದಿಟ್ಟರು. "ಕುಷ್ಟಗಿ ಅಕ್ಕಾರ ಹೌದಲ್ರಿ? ನಿನ್ನೆ ಬೈದ ನಮೂನಿ ನೋಡೇ ಅನ್ಕೊಂಡೆ, ಇವರು ಸಾಲಿ ಅಕ್ಕಾರ ಇರಬೇಕು ಅಂತ," ಅಂದರು. ವ್ಯಂಗ್ಯವಿರಲಿಲ್ಲ. ನನ್ನ ಪಾಠ ಅಲ್ಲಿಗೇ ಅರ್ಧ ಮರೆತುಹೋಯಿತು.

ಕೊಡ ಅಲ್ಲೇ ಇತ್ತು. ನಾನು ಹೇಳಿದಂತೆ ಹುಣಸೆಹಣ್ಣು, ಉಪ್ಪು ಹಾಕಿ ಕುತ್ತಿಗೆಯ ಕೆಳಗೆ ಉಜ್ಜಿದ್ದರು. ಅಂಗೈಯಗಲ ಕೆಂಪು ತಾಮ್ರ ಹೊಳೆಯುತ್ತಿತ್ತು. ಅದರ ನಡುವೆ ಚುಕ್ಕಿ ಚುಕ್ಕಿಯಾಗಿ ಒಬ್ಬ ಹೆಣ್ಣುಮಗಳ ಹೆಸರು, ಅವಳ ಮನೆತನದ ಹೆಸರು, ಅವ್ವ ಕೊಟ್ಟದ್ದು ಎಂಬ ಮಾತು, ಕೊನೆಗೆ ತಳಕಲ್ ಎಂದು ಗಂಡನ ಊರು. ಹಳೆಯ ಪಾತ್ರೆಗಳ ಮೇಲೆ ಹೆಸರಿರುವುದು ಹೊಸದೇನಲ್ಲ, ಇದಕ್ಕೇಕೆ ಇಷ್ಟು ರಂಪ ಎಂದು ಕೇಳಿದೆ. ಅವರು ಊರಿನ ಹೆಸರಿನ ಮುಂದೆ ಒಲೆಯ ಗುಂಡುಗಳ ಹಾಗೆ ಇದ್ದ ಮೂರು ಚುಕ್ಕಿಗಳ ಮೇಲೆ ಬೆರಳಿಟ್ಟರು.

"ಇದು ನಮ್ಮ ಅಬ್ಬಾನ ಕೈ ಐತ್ರಿ. ಹೆಸರು ಹೊಡದ ಮ್ಯಾಲ ಈ ಮೂರು ಚುಕ್ಕಿ ಇಡತಿದ್ರು. ಹೆಸರು ಹೊಡದ ಕೈ ಆ ಸಾಮಾನು ಮಾರಬಾರದು, ಹೆಸರಿನವರನ್ನ ಕೇಳೇ ಮಾರಬೇಕು ಅಂತಿದ್ರು."

ಅವರ ತಂದೆ ಮದುವೆಯ ಕಾಲ ಬಂತೆಂದರೆ ಯಲಬುರ್ಗಾ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದರಂತೆ. ಕಲಾಯಿಯ ಜೊತೆಗೆ ಹೆಸರು ಹೊಡೆಯುವ ಕೆಲಸ. ಈ ಕೊಡವಾದರೋ ಕಾರಟಗಿಯ ಗುಜರಿಯಲ್ಲಿ ಕಬ್ಬಿಣದ ಸಳಿ, ಮುರಿದ ತಗಡುಗಳ ಮಧ್ಯೆ ಸಿಕ್ಕಿದ್ದು. ತೂಕಕ್ಕೆ ದುಡ್ಡು ಕೊಟ್ಟು ತಂದಿದ್ದಾರೆ. ನಾನು ಬಿಡಲಿಲ್ಲ. ದುಡ್ಡು ಕೊಟ್ಟು ತಂದ ಮೇಲೆ ಕಾಯ್ದೆಯ ಪ್ರಕಾರ ಅದು ನಿಮ್ಮದೇ ಅಲ್ಲವೇ ಎಂದೆ.

"ಕಾಯ್ದೆ ನನ್ನ ಕಡೆ ಐತ್ರಿ ಅಕ್ಕಾರ. ಅಬ್ಬಾ ನನ್ನ ಕಡೆ ಇಲ್ಲ," ಅಂದರು.

ಇದನ್ನೇ ಗುಂಪಿನಲ್ಲಿ ಬರೆದಿದ್ದರೆ ಯಾರೂ ಬೈಯುತ್ತಿರಲಿಲ್ಲವಲ್ಲ ಎಂದೆ. ಒಬ್ಬ ಹೆಣ್ಣುಮಗಳ ಹೆಸರು, ಊರು, ಅವಳ ಸಾಮಾನು ಗುಜರಿಗೆ ಬಿದ್ದ ಸುದ್ದಿ, ಇಷ್ಟನ್ನು ಗುರುತಿಲ್ಲದ ನೂರಾರು ಮಂದಿಯ ಫೋನಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲವಂತೆ. ಈಗ ಕಲಾಯಿಗೆ ಬರುವವರು ವಾರಕ್ಕೆ ನಾಲ್ಕು ಜನ, ಮನೆ ನಡೆಯುವುದು ಆ ಗುಂಪಿನ ಮಾರಾಟದಿಂದ. ಮೂರು ತಿಂಗಳು ಅದೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಒಂದೇ ಸಾಲು ಬರೆದು ಬೈಸಿಕೊಂಡು ಕೂತಿದ್ದರು. ನಾನು ಎಷ್ಟೋ ದೊಡ್ಡ ಮನುಷ್ಯರನ್ನು ಶಾಲೆಯ ವೇದಿಕೆ ಮೇಲೆ ಕೂರಿಸಿ ಶಾಲು ಹೊದಿಸಿದ್ದೇನೆ. ಅವರಲ್ಲಿ ಒಬ್ಬರನ್ನು ಕಂಡಾಗಲೂ ಆ ದಿನ ಆದಷ್ಟು ನಾಚಿಕೆ ನನಗೆ ಆಗಿರಲಿಲ್ಲ.

ಅವರು ಅವತ್ತೇ ತಳಕಲ್ಲಿಗೆ ಹೊರಟಿದ್ದರು. ನಾನೂ ಬರುತ್ತೇನೆ ಅಂದೆ. ನಿಜ ಹೇಳುತ್ತೇನೆ, ಪುಣ್ಯದ ಆಸೆಯಿಂದ ಹೊರಡಲಿಲ್ಲ. ಆಕೆ ತೀರಿಕೊಂಡಿರಬಹುದು, ಮಕ್ಕಳು ನಮಗೆ ಬೇಡ ಅನ್ನಬಹುದು, ಆಗ ಕೊಡ ನನ್ನ ಮಗಳಿಗೆ ಬರುತ್ತದೆ ಎಂಬ ಲೆಕ್ಕ ಒಳಗಿತ್ತು. ಕೊಪ್ಪಳದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವರು ಕೊಡವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ಪಕ್ಕದಲ್ಲಿ ಕೂತು, ನಿನ್ನೆ ನಾನು ಬರೆದದ್ದು ತಪ್ಪು, ವಿಷಯ ತಿಳಿಯದೆ ಬರೆದೆ ಎಂದು ಗುಂಪಿಗೆ ಬರೆದು ಹಾಕಿದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಅಲ್ಲಿ ಒಂದು ಗಡಿಯಾರದ ಹರಾಜು ಶುರುವಾಗಿತ್ತು.

ಹೆಸರು ಹೇಳಿದ ತಕ್ಷಣ ಊರವರು ಮನೆ ತೋರಿಸಿದರು. ಆಕೆ ಇದ್ದರು. ಎಂಬತ್ತರ ಮೇಲಿನ ವಯಸ್ಸು, ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದರು. ಕಣ್ಣುಗಳು ಮಂಜಾಗಿದ್ದವು. ಕಲಾಯಿಯವರು ತಾವು ಯಾರು, ಏನು ಎಂದು ಹೇಳಲಿಲ್ಲ. ಟವೆಲು ಬಿಚ್ಚಿ ಕೊಡವನ್ನು ಮುಂದಿಟ್ಟು, ಇದನ್ನು ನೋಡ್ರಿ ಅವ್ವಾ ಎಂದರು, ಅಷ್ಟೇ.

ಆಕೆ ನೋಡಲಿಲ್ಲ, ಮುಟ್ಟಿದರು. ಕೈ ತಾನಾಗಿಯೇ ಕೊಡದ ಕುತ್ತಿಗೆಗೆ ಹೋಯಿತು. ಹೆಬ್ಬೆರಳು ಚುಕ್ಕಿಗಳ ಮೇಲೆ ನಿಧಾನ ಸರಿಯತೊಡಗಿತು.

"ಇಲ್ಲಿ ನಾನು. ಇಲ್ಲಿ ನಮ್ಮ ಮನಿತನ. ಇಲ್ಲಿ ನಮ್ಮವ್ವ. ಇದು ಈ ಊರು. ಇಲ್ಲಿ ಮೂರು ಚುಕ್ಕಿ, ಸಾಬರು ಇಟ್ಟದ್ದು," ಅಂದರು.

ಒಂದೂ ತಪ್ಪಲಿಲ್ಲ. ಓದು ಬರುತ್ತದೇನ್ರಿ ಎಂದು ಕೇಳಿದೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಾವಿಯಿಂದ ಮನೆಯವರೆಗೆ ಕೊಡ ಹೊರುವಾಗ ಹೆಬ್ಬೆರಳು ಅಲ್ಲೇ ಇರುತ್ತಿತ್ತಂತೆ. ಅವ್ವ ಮದುವೆಯ ಹಿಂದಿನ ದಿನ ಬೆರಳು ಹಿಡಿದು ಒಂದೊಂದಾಗಿ ಹೇಳಿಕೊಟ್ಟಿದ್ದಳಂತೆ. ಅಷ್ಟು ವರ್ಷ ದಿನಕ್ಕೆ ಹತ್ತು ಸಲ ಓದಿದ್ದು ಎಲ್ಲಿ ಮರೆಯುತ್ತದೆ, ಎಂದು ನನ್ನನ್ನೇ ಕೇಳಿದರು.

ಎಂಟು ವರ್ಷದ ಹಿಂದೆ ಮನೆ ಕೆಡವಿ ಕಟ್ಟಿಸುವಾಗ ಕೊಡ ಕಳೆದಿತ್ತು. ಎದುರು ಮನೆಯ ನೆಗೆಣ್ಣಿಯೇ ಬಚ್ಚಿಟ್ಟಿದ್ದಾಳೆಂದು ಅನುಮಾನಪಟ್ಟು ಅವತ್ತಿನಿಂದ ಆಕೆಯ ಜೊತೆ ಮಾತು ಬಿಟ್ಟಿದ್ದರು. ಕೆಡವಿದ ಮನೆಯ ತಗಡಿನ ಜೊತೆ ಗುಜರಿಗೆ ಹೋಗಿರಬೇಕೆಂದು ಕಲಾಯಿಯವರು ತಿಳಿಸಿ ಹೇಳಿದರು. ಆಕೆ ಕೇಳಿಸಿಕೊಂಡು, ಕೊಡವನ್ನು ಮಡಿಲಿನಲ್ಲಿಟ್ಟುಕೊಂಡೇ ಎದುರು ಬಾಗಿಲಿನ ಕಡೆ ತಿರುಗಿ ಕೂಗಿದರು. ಇನ್ನೊಬ್ಬ ಮುದುಕಿ ಹೊಸಿಲಿಗೆ ಬಂದು ನಿಂತಳು.

"ನನ್ನ ಕೊಡಾ ಬಂದೈತಿ. ನಿಂದೇನೂ ತಪ್ಪಿಲ್ಲ, ನಂದ ತಪ್ಪು. ಬಾ, ಚಾ ಕುಡಿ."

"ಎಂಟು ವರ್ಷದ್ದು ಕೂಡಿಸಿ ಕುಡೀತೀನಿ. ಹಾಲು ಜಾಸ್ತಿ ಹಾಕು," ಅಂದಳು ಆ ಮುದುಕಿ, ಮತ್ತು ಬಂದಳು.

ನಾನು ಕೊಡವನ್ನು ಕೇಳಲೆಂದು ಜೋಡಿಸಿಟ್ಟುಕೊಂಡಿದ್ದ ಮಾತನ್ನು ಉಗುಳಿನ ಜೊತೆ ನುಂಗಿದೆ. ಕಲಾಯಿಯವರು ದುಡ್ಡು ಮುಟ್ಟಲಿಲ್ಲ. ಆಕೆ ಒಂದು ಚೀಲ ಶೇಂಗಾ ಕೊಟ್ಟರು, ಅದನ್ನು ತೆಗೆದುಕೊಂಡು ಎರಡೂ ಕೈ ಎದೆಗಿಟ್ಟು ಹೊರಟರು. ಮೂರು ತಿಂಗಳ ಗಳಿಕೆ ಹೋಯಿತಲ್ಲ ಎಂಬ ನೆರಳು ಅವರ ಮುಖದಲ್ಲಿರಲಿಲ್ಲ. ಅಬ್ಬಾನ ಮುಂದೆ ಲೆಕ್ಕ ಒಪ್ಪಿಸಿ ಬಂದ ಮಗನ ಹಾಗೆ ಹಗುರಾಗಿ ನಡೆಯುತ್ತಿದ್ದರು.

ಕೊಪ್ಪಳದ ಬಸ್‌ ನಿಲ್ದಾಣದಲ್ಲಿ ಶೇಂಗಾ ತಿನ್ನುತ್ತಾ ಕೂತೆವು. ಅವರಿಗೆ ನನ್ನ ಮಗಳ ಮದುವೆಯ ವಿಷಯ ಹೇಳಿದೆ. ಹೊಸ ಕೊಡವನ್ನೇ ತನ್ನಿ, ಹೆಸರು ನಾನು ಹೊಡೆದು ಕೊಡುತ್ತೇನೆ ಅಂದರು. ಬೇರೆಯವರ ಅವ್ವ ಕೊಟ್ಟ ಕೊಡವನ್ನು ಮಗಳಿಗೆ ಕೊಟ್ಟು ಕಳಿಸುವವರಿದ್ದಿರೇನು ಎಂದು ನಕ್ಕರು. ಅದೂ ನಿಜವೇ. ಆಗ ನನ್ನ ಕೊಡದ ಕಥೆಯನ್ನೂ ಹೇಳಿಬಿಟ್ಟೆ. ಗಾಡಿಯವನು, ಹಸಿರು ಕೆಂಪು ಪ್ಲಾಸ್ಟಿಕ್ಕು, ಅವ್ವ ನೀರು ಕುಡಿಯದೆ ಹೋದದ್ದು, ಎಲ್ಲವನ್ನೂ. ಗಂಡನ ಮುಂದೆಯೂ ಅಷ್ಟು ಬಿಚ್ಚಿ ಹೇಳಿರಲಿಲ್ಲ.

ಅವರು ನಗಲಿಲ್ಲ. ಜೇಬಿನಿಂದ ಫೋನು ತೆಗೆದರು. ತಾಮ್ರ ಎಲ್ಲೂ ಹೋಗುವುದಿಲ್ಲ, ತಿರುಗಾಡಿ ಎಂದಾದರೂ ಒಂದು ದಿನ ಯಾರದೋ ಹರಾಜಿಗೆ ಬರುತ್ತದೆ ಎಂದರು. "ನಿಮ್ಮ ಕೊಡದ ಮ್ಯಾಲ ಏನ ಬರದಿತ್ತು ಹೇಳ್ರಿ ಅಕ್ಕಾರ. ಬರಕೊಂತೀನಿ. ಕಣ್ಣಿಗೆ ಬಿತ್ತಂದ್ರ ಮಾರೋರ ಕೈಕಾಲು ಹಿಡದಾದ್ರೂ ಹರಾಜು ನಿಲ್ಲಸ್ತೀನಿ."

ನಾನು ನನ್ನ ಹೆಸರು ಹೇಳಿದೆ. ಅವರು ಬರೆದುಕೊಂಡರು.

ಆಮೇಲೆ? ಮನೆತನದ ಹೆಸರಿತ್ತೋ, ಅಪ್ಪನ ಹೆಸರಿತ್ತೋ? ಅವ್ವ ಕೊಟ್ಟದ್ದು ಎಂದಿತ್ತೋ, ಅವ್ವ ತನ್ನ ಹೆಸರನ್ನೇ ಹಾಕಿಸಿದ್ದಳೋ? ಸಾಲು ಉದ್ದವಿತ್ತು, ಅದು ನೆನಪಿದೆ. ಹುಣಸೆಹಣ್ಣು ಹಾಕಿ ಉಜ್ಜುವಾಗ ಚುಕ್ಕಿಗಳ ಸಂದಿಯಲ್ಲಿ ನಾರು ಸಿಕ್ಕಿಕೊಳ್ಳುತ್ತಿತ್ತು, ಬೈಯುತ್ತಾ ತೆಗೆಯುತ್ತಿದ್ದೆ, ಅದೂ ನೆನಪಿದೆ. ಹನ್ನೆರಡು ವರ್ಷ ಆ ಕೊಡ ನನ್ನ ಸೊಂಟದ ಮೇಲಿತ್ತು. ಮೂವತ್ತು ವರ್ಷ ನಾನು ಊರ ಮಕ್ಕಳಿಗೆಲ್ಲ ಓದುವುದನ್ನು ಕಲಿಸಿದ್ದೇನೆ.

ಅವರು ಬೆರಳನ್ನು ಫೋನಿನ ಮೇಲಿಟ್ಟುಕೊಂಡು ಕಾಯುತ್ತಿದ್ದರು. "ಮುಂದ ಏನಿತ್ರಿ?" ಅಂದರು.

"ಓದಿಲ್ರಿ ಅಣ್ಣಾರ," ಅಂದೆ.