ದಾಲಿಬೋರನ ಪಾಳಿ

ಗೋಸ್ಪಾವಾಳ ಮನೆಗೆ ಮೂರು ಬೇರೆ ಬೇರೆ ವರ್ಷಗಳಲ್ಲಿ ಮೂವರು ಪಾದ್ರಿಗಳು ಬಂದು, ಕ್ಷಮಿಸಿಬಿಡಮ್ಮ ಎಂದು ಬುದ್ಧಿ ಹೇಳಿದ್ದಾರೆ. ಮೂವರಿಗೂ ಆಕೆ ಕಾಫಿ ಕೊಟ್ಟಳು, ಪ್ಲಮ್ ಸಾರಾಯಿ ಕೊಟ್ಟಳು, ಅವರು ಕೇಳಿದ್ದನ್ನು ಮಾತ್ರ ಕೊಡಲಿಲ್ಲ. ಮೂರನೆಯವರ ಜೊತೆ ನಾನೂ ಹೋಗಿದ್ದೆ.

“ಕ್ಷಮಿಸೋಕೆ ಮುಂಚೆ ಯಾರಾದ್ರೂ ಬಂದು ತಪ್ಪಾಯ್ತು ಅನ್ನಬೇಕಲ್ವಾ ಗುರುಗಳೇ?” ಎಂದಳು. “ಯಾರೂ ಬಂದಿಲ್ಲ. ನಾನೇನು ಬಾಗಿಲಲ್ಲಿ ನಿಂತು ಗಾಳಿಗೆ ಕ್ಷಮೆ ಹಂಚಲಾ?”

ಪಾದ್ರಿಗಳು ಲೋಟ ಖಾಲಿ ಮಾಡಿ ಎದ್ದರು. ನಾನು ನೆಲ ನೋಡಿಕೊಂಡು ಅವರ ಹಿಂದೆ ಬಂದೆ. ಯಾಕೆ ನೆಲ ನೋಡಿದೆ ಎಂದು ಹೇಳುತ್ತೇನೆ. ಮುಚ್ಚಿಡುವ ಕಾಲ ಮುಗಿದಿದೆ.

ಗೋಸ್ಪಾವಾ ಬೋಸ್ನಿಯಾದ ನಮ್ಮ ಬ್ರೆಸ್ತಿಕ ಊರಿನ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಗಂಡ ಕಾಡಿನಲ್ಲಿ ಮರ ಮೈಮೇಲೆ ಬಿದ್ದು ಸತ್ತಾಗ ಮಗ ಸ್ಪಾಸೊಯೆಗೆ ಆರು ವರ್ಷ. ಮರುಮದುವೆಗೆ ಕೇಳಿಕೊಂಡು ಬಂದ ಇಬ್ಬರನ್ನು, “ಬಟ್ಟೆ ಒಗೆಯೋಕೆ ಬೇರೆ ಯಾರೂ ಸಿಗಲಿಲ್ವಾ?” ಎಂದು ಕೇಳಿ ಅಟ್ಟಿದಳು. ಒಮ್ಮೆ ಪೇಟೆಯಿಂದ ಬಂದ ಸಾಹೇಬರು ಮಕ್ಕಳ ಬೀನ್ಸ್ ಸಾರು ನೀರಾಗಿದೆ ಎಂದಾಗ, ಉಗ್ರಾಣದ ಅರ್ಧ ಚೀಲ ಬೀನ್ಸ್ ನಿಮ್ಮ ಕಾರಿನಲ್ಲೇ ಹೋಯಿತಲ್ಲ ಎಂದು ಎಲ್ಲರ ಮುಂದೆ ಕೇಳಿದಳು. ಯಾರ ಮುಲಾಜಿಗೂ ಬೀಳದ ಹೆಂಗಸು. ಮಗ ಅವಳಿಗೆ ತದ್ವಿರುದ್ಧ. ಊರಿನ ಟ್ರ್ಯಾಕ್ಟರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ. ಯಾರು ಏನು ಹೇಳಿದರೂ ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲ.

ತೊಂಬತ್ತೆರಡರ ಮೇ ತಿಂಗಳಲ್ಲಿ ಹಳೆಯ ಯುಗೊಸ್ಲಾವ್ ಸೈನ್ಯ ಬೋಸ್ನಿಯಾ ಬಿಟ್ಟಿತು. ಅದರ ಫಿರಂಗಿಗಳೂ ಇಲ್ಲೇ ಹುಟ್ಟಿದ ಅಧಿಕಾರಿಗಳೂ ಉಳಿದರು. ಟೋಪಿಯ ಕೆಂಪು ನಕ್ಷತ್ರ ಕಿತ್ತು ಬೇರೆ ಲಾಂಛನ ಹಚ್ಚಿದ್ದೇ ತಡ, ನಮ್ಮ ಸರ್ಬರ ಹೊಸ ಸೈನ್ಯ ತಯಾರಾಯಿತು. ಕಾಗದದ ಮೇಲೆ ಕೋರ್ ಎಂಬ ದೊಡ್ಡ ಪಡೆ, ಅದರ ಕೆಳಗೆ ಬ್ರಿಗೇಡ್, ಬೆಟಾಲಿಯನ್, ಕಂಪನಿ. ನೆಲಕ್ಕಿಳಿದು ನೋಡಿದರೆ ತಾಲ್ಲೂಕಿಗೊಂದು ಬ್ರಿಗೇಡ್, ಊರಿಗೊಂದು ಕಂಪನಿ, ಅಣ್ಣತಮ್ಮಂದಿರೂ ಬೀಗರೂ ಒಂದೇ ಕಂದಕದಲ್ಲಿ. ಒಂದು ಶೆಲ್ ಬಿದ್ದರೆ ಒಂದೇ ಬೀದಿಯ ಮೂರು ಮನೆಗಳಲ್ಲಿ ಅಳು. ಏಳು ದಿನ ಕಂದಕದಲ್ಲಿ ಕೂರುವುದು, ಏಳು ದಿನ ಮನೆಗೆ ಬಂದು ಹುಲ್ಲು ಕೊಯ್ಯುವುದು. ಇದೇ ಪಾಳಿ. ಪಾಳಿ ಬೇಡವಾದವರಿಗೆ ದುಡಿಮೆಯ ಆದೇಶ ಎಂಬ ಇನ್ನೊಂದು ಕಾಗದವಿತ್ತು. ಅದಕ್ಕೆ ಮೊಹರು ಬಿದ್ದರೆ ಮರದ ಮಿಲ್ಲಿನಲ್ಲೇ ಯುದ್ಧ ಮುಗಿಸಬಹುದಿತ್ತು. ಅದು ಯಾರ ಮಕ್ಕಳ ಕಾಗದಕ್ಕೆ ಬೀಳುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಹೊಳೆಯಾಚೆಯ ಮುಸ್ಲಿಮರ ಮನೆಗಳನ್ನು ಮೊದಲ ಬೇಸಿಗೆಯಲ್ಲೇ ನಮ್ಮವರು ಸುಟ್ಟಿದ್ದರು. ಅದನ್ನು ಬಿಟ್ಟು ಈ ಕತೆ ಹೇಳಿದರೆ ಸುಳ್ಳಾಗುತ್ತದೆ.

ನಮ್ಮ ಬೆಟಾಲಿಯನ್ನಿನಲ್ಲಿ ಪಾಳಿಯ ಪಟ್ಟಿ ಮಾಡುತ್ತಿದ್ದ ಅಧಿಕಾರಿ ಓಬ್ರೆನ್. ಮೊದಲು ಭೂಗೋಳದ ಮೇಷ್ಟರು, ಗೋಸ್ಪಾವಾಳ ಎದುರು ಮನೆಯವನು. ಪಟ್ಟಿ ಟೈಪ್ ಮಾಡುತ್ತಿದ್ದವನು ನಾನು, ಚೇದೊ. ತೊಂಬತ್ತನಾಲ್ಕರ ಮಾರ್ಚ್‌ನಲ್ಲಿ ಓಬ್ರೆನ್‌ನ ಮಗ, ಹತ್ತೊಂಬತ್ತರ ದಾಲಿಬೋರನ ಸರದಿ ಬಂತು. ಪಟ್ಟಿ ಆಗಲೇ ಕಂದಕಕ್ಕೆ ಹೋಗಿತ್ತು. ಹೊರಡುವ ದಿನ ಬೆಳಿಗ್ಗೆ ಓಬ್ರೆನ್ ನನ್ನ ಮೇಜಿನ ಹತ್ತಿರ ಬಂದ.

“ದಾಲಿಬೋರನನ್ನ ಮಿಲ್ಲಿಗೆ ಹಾಕಿದೀನಿ. ಒಬ್ಬ ಬೇಕಲ್ಲಯ್ಯಾ. ಯಾರಿದ್ದಾರೆ ಹೇಳು, ಇಲ್ಲಾಂದ್ರೆ ನೀನೇ ಹೊರಡು.”

ನನಗೆ ಸಾಯುವ ಭಯ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. “ಸ್ಪಾಸೊಯೆ ಮೊನ್ನೆ ಬಂದಿದಾನೆ ಸಾರ್. ಅವನು ಇಲ್ಲ ಅನ್ನಲ್ಲ. ಮೇಜು ಕುಟ್ಟಿ ಕೇಳೋಕೆ ಅವನ ಮನೇಲಿ ಗಂಡಸೂ ಇಲ್ಲ,” ಎಂದೆ.

ಎರಡು ದಿನದ ಹಿಂದಷ್ಟೇ ಪಾಳಿ ಮುಗಿಸಿ ಬಂದಿದ್ದ ಹುಡುಗ ಮತ್ತೆ ಹೋದ. ಕಂದಕದಲ್ಲಿದ್ದ ಪಟ್ಟಿಯನ್ನು ಯಾರೂ ತಿದ್ದಲಿಲ್ಲ. ಬೆಳಿಗ್ಗೆ ದಾಲಿಬೋರ್ ಎಂದು ಕೂಗಿದಾಗ ಸ್ಪಾಸೊಯೆ ಕೈ ಎತ್ತುತ್ತಿದ್ದ. ನಾಲ್ಕನೆಯ ದಿನ ಶೆಲ್ ಬಿತ್ತು. ಬ್ರಿಗೇಡಿಗೆ ಹೋದ ವರದಿಯಲ್ಲಿ ಸತ್ತವನ ಹೆಸರು ದಾಲಿಬೋರ್.

ಹಾಗಾಗಿ ಸಾವಿನ ಸುದ್ದಿ ತಂದ ಇಬ್ಬರು ಸೈನಿಕರೂ ಪಾದ್ರಿಯೂ ಓಬ್ರೆನ್‌ನ ಮನೆ ಬಾಗಿಲು ತಟ್ಟಿದರು. ಅವನ ಹೆಂಡತಿ ಅಂಗಳದಲ್ಲಿ ಬಿದ್ದು ಹೊರಳಾಡಿದಳು. ಅವಳನ್ನು ಹಿಡಿದುಕೊಳ್ಳಲು ಬೀದಿ ದಾಟಿ ಮೊದಲು ಓಡಿದವಳು ಗೋಸ್ಪಾವಾ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಳು ತಾಯಿ ಅಳು ಎನ್ನುತ್ತಿರುವಾಗ, ಮೈಯೆಲ್ಲ ಮರದ ಹುಡಿ ಮಾಡಿಕೊಂಡ ದಾಲಿಬೋರ್ ಮಿಲ್ಲಿನಿಂದ ಊಟಕ್ಕೆ ಬಂದ. ಎಲ್ಲರೂ ಅವನನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಗೋಸ್ಪಾವಾಳನ್ನು ನೋಡಿದರು. ಅವಳು ಆ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದು ನಿಂತಳು.

“ನನ್ನ ಮಗ ಎಲ್ಲಿ?” ಎಂದು ಕೇಳಿದಳು. 

ಹುಡುಗ ತಾನೇ ಮುಂದೆ ಬಂದು ಹೋದ, ವೀರ ಎಂದು ಓಬ್ರೆನ್ ಸ್ಪಾಸೊಯೆಯ ಹೆಣದ ಮುಂದೆ ಭಾಷಣ ಮಾಡಿದ. ಹೊಳೆಯಾಚೆಯಿಂದ ಶೆಲ್ ಹಾರಿಸಿದವನ ಮೇಲೆ ಗೋಸ್ಪಾವಾಳಿಗೆ ಸಿಟ್ಟಿರಲಿಲ್ಲ. “ಅವರ ಮನೆ ಸುಟ್ಟಿದ್ದೀವಿ, ಅವರು ಹೊಡೀತಾರೆ. ಅವರಮ್ಮನೂ ನನ್ನ ಹಾಗೇ ಕೂತಿರ್ತಾಳೆ. ನನಗೆ ಬೇಕಿರೋದು ನಮ್ಮೋರು. ಪಟ್ಟಿಗೆ ಕೈ ಹಾಕಿದವರೆಲ್ಲರ ಹೆಸರೂ ಬೇಕು,” ಎಂದಳು. ಅವತ್ತಿನಿಂದ ಅವಳ ಬದುಕಿನಲ್ಲಿ ಉಳಿದ ಕೆಲಸ ಇದೊಂದೇ.

ನಮ್ಮಲ್ಲಿ ಯಾರಾದರೂ ಸತ್ತರೆ ಕಪ್ಪು ಅಂಚಿನ ಹಾಳೆಯ ಮೇಲೆ ಫೋಟೋ, ಹೆಸರು, ಅಳುವವರ ಹೆಸರು ಅಚ್ಚು ಹಾಕಿಸಿ ಬೀದಿಯ ಕಂಬಗಳಿಗೆ ಅಂಟಿಸುತ್ತೇವೆ. ವರ್ಷ ವರ್ಷ ಅದೇ ದಿನ ಮತ್ತೆ ಅಂಟಿಸುವವರೂ ಉಂಟು. ಯುದ್ಧಕ್ಕೆ ಮುಂಚೆ ಮುಸ್ಲಿಮರ ಹಸಿರು ಅಂಚಿನ ಹಾಳೆಯೂ ಅದೇ ಕಂಬದಲ್ಲಿರುತ್ತಿತ್ತು. ಯುದ್ಧ ಮುಗಿದ ಮೇಲೆ ನಾನು ಪೇಟೆಯಲ್ಲಿ ಫೋಟೋ ತೆಗೆಯುವ, ಈ ಹಾಳೆ ಅಚ್ಚು ಹಾಕುವ ಅಂಗಡಿ ಇಟ್ಟೆ. ಮೊದಲ ವರ್ಷವೇ ಗೋಸ್ಪಾವಾ ಬಂದಳು. ಅಳುವವರು ಎಂದಿರುವ ಜಾಗದಲ್ಲಿ ಒಂದು ಸಾಲು ಹೆಚ್ಚು ಹಾಕಿಸಿದಳು: “ಓಬ್ರೆನ್‌ನ ಮಗ ದಾಲಿಬೋರನ ಪಾಳಿಯಲ್ಲಿ ಸತ್ತ.”

ಓಬ್ರೆನ್ ಅಷ್ಟರಲ್ಲಿ ಮಾಜಿ ಸೈನಿಕರ ಸಂಘದ ಅಧ್ಯಕ್ಷ. ಪ್ರತಿ ಮಾರ್ಚ್‌ನಲ್ಲಿ ಉಗುರಿನಿಂದ ಹಾಳೆ ಕೆರೆದು ಹಾಕುತ್ತಿದ್ದ. ಅವಳು ಮರುದಿನ ಮತ್ತೆ ಅಂಟಿಸುತ್ತಿದ್ದಳು. ದಾಲಿಬೋರ್ ಆಸ್ಟ್ರಿಯಾಕ್ಕೆ ಹೋಗಿ ಲಾರಿ ಓಡಿಸತೊಡಗಿದ, ಊರಿಗೆ ಮುಖ ಹಾಕಲಿಲ್ಲ. ಓಬ್ರೆನ್‌ನ ಹೆಂಡತಿ ಬೀದಿಗೆ ಬರುವುದನ್ನೇ ಬಿಟ್ಟಳು. ಅವರ ಮನೆಯ ಹಬ್ಬಕ್ಕೆ ಹೋಗುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಇದೆಲ್ಲ ನೋಡಿ ಗೋಸ್ಪಾವಾಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ನನಗೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ? ಅಂಗಡಿಯ ಸ್ಟೂಲಿನಲ್ಲಿ ಕೂತು ಅವಳು ಓಬ್ರೆನ್‌ನನ್ನು ಶಪಿಸಿದರೆ ನಾನು ಎರಡು ಮಾತು ಸೇರಿಸುತ್ತಿದ್ದೆ.

“ಆ ನಾಯಿಗೆ ನನ್ನ ಮಗನ ಹೆಸರು ಯಾರು ನೆನಪು ಮಾಡಿಕೊಟ್ರೋ, ಅದೊಂದು ಗೊತ್ತಾಗಬೇಕು ಕಣೋ ಚೇದೊ.”

“ಅವನಿಗೆ ಯಾರು ಹೇಳಿಕೊಡಬೇಕಕ್ಕಾ? ಅವನೇ ಸಾಕು,” ಎನ್ನುತ್ತಿದ್ದೆ.

ಇಪ್ಪತ್ತೇಳು ವರ್ಷ ಹೀಗೆ ನಡೆಯಿತು. ಓಬ್ರೆನ್ ಮಂಚದಲ್ಲಿ ಮಲಗಿ ಸುಖವಾಗಿ ಸತ್ತ. ಅಂತ್ಯಕ್ರಿಯೆಗೆ ಬಂದ ದಾಲಿಬೋರ್ ಮನೆ ಖಾಲಿ ಮಾಡುವಾಗ ಅಪ್ಪನ ಯುದ್ಧದ ಕಾಗದಗಳು ಸಿಕ್ಕವು. ಓಬ್ರೆನ್ ಬಲು ಹುಷಾರಿನವನು. ನಾಳೆ ತನ್ನ ಕುತ್ತಿಗೆಗೆ ಬರಬಾರದೆಂದು, ಯಾರು ಏನು ಹೇಳಿದರು ಎನ್ನುವುದನ್ನೆಲ್ಲ ಪಟ್ಟಿಯ ತನ್ನ ಪ್ರತಿಯ ಅಂಚಿನಲ್ಲಿ ಬರೆದಿಡುತ್ತಿದ್ದ. ದಾಲಿಬೋರ್ ಆ ಹಾಳೆ ಹಿಡಿದು ಬೀದಿ ದಾಟಿದ. ಪಾಳಿ ರದ್ದಾಗಿದೆ ಎಂದು ಅಪ್ಪ ಅಂದು ತನಗೆ ಹೇಳಿದ್ದನಂತೆ. ಗೋಸ್ಪಾವಾಳ ಹೊಸ್ತಿಲಲ್ಲಿ ನಿಂತು, ತಪ್ಪಾಯ್ತು ಎಂದನಂತೆ. ಅವಳು ಒಳಗೆ ಕರೆದು ಊಟಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದಳು. ಎಪ್ಪತ್ತನಾಲ್ಕು ವರ್ಷದ ಮುದುಕಿ, ಸ್ಟೂಲಿನಲ್ಲಿ ಕೂರಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟಳು. ಅಂಚಿನಲ್ಲಿ ಓಬ್ರೆನ್‌ನ ದುಂಡಗಿನ ಅಕ್ಷರ: ಸ್ಪಾಸೊಯೆಯ ಹೆಸರು ಸೂಚಿಸಿದವನು ಗುಮಾಸ್ತ ಚೇದೊ.

“ಅಕ್ಕಾ, ತಪ್ಪಾಯ್ತು,” ಎಂದೆ.

“ಕಾಗದ ಸಿಕ್ಕಿದ ಮೇಲೆ ಆಯ್ತಾ?” ಎಂದಳು. ದನಿ ಏರಲಿಲ್ಲ. “ಇಪ್ಪತ್ತೇಳು ವರ್ಷ ಇಲ್ಲೇ ಕೂರಿಸಿಕೊಂಡು, ನನ್ನ ಜೊತೆ ಸೇರಿ ಅವನನ್ನ ಬೈದೆಯಲ್ಲೋ. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಡಬಹುದಿತ್ತು. ಬಿಟ್ಟಿದ್ರೆ ಅವತ್ತೇ ಕಪಾಳಕ್ಕೆ ಹೊಡೆದು, ಅತ್ತು, ಮುಗಿಸ್ತಿದ್ದೆ. ಈಗ ಹಾಗಾಗಲ್ಲ. ಟೈಪ್ ಮಾಡು.”

ಅವಳು ಹೇಳಿದಳು, ನಾನು ಟೈಪ್ ಮಾಡಿದೆ: “ನನ್ನ ಮಗ ಸ್ಪಾಸೊಯೆಯ ಹೆಸರನ್ನು ಸಾವಿಗೆ ಕೊಟ್ಟವನು ಚೇದೊ. ತನ್ನ ಜೀವ ಉಳಿಸಿಕೊಳ್ಳಲು ಕೊಟ್ಟ.” ಫೋಟೋದ ಚೌಕಕ್ಕೆ ನಾನು ಎಂದಿನಂತೆ ಸ್ಪಾಸೊಯೆಯ ಚಿತ್ರ ತೆಗೆದೆ.

“ಅದು ಬೇಡ. ಅವನ ಮುಖ ಊರಿಗೆಲ್ಲ ಗೊತ್ತು. ನಿಂದು ಹಾಕು.”

“ನಾನಿನ್ನೂ ಬದುಕಿದೀನಿ ಅಕ್ಕಾ.”

“ಅದೇ ನನಗೂ ನೋವು. ಹೋಗಿ ಕೂತ್ಕೋ.”

ಪಾಸ್‌ಪೋರ್ಟ್ ಫೋಟೋ ತೆಗೆಯುವ ಬಿಳಿ ಪರದೆಯ ಮುಂದೆ ಕೂತು ನನ್ನ ಫೋಟೋ ನಾನೇ ತೆಗೆದುಕೊಂಡೆ. ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಐವತ್ತು ಪ್ರತಿ ಅಚ್ಚಾದವು. ಅಂಟಿನ ಡಬ್ಬಿ ಅವಳು ಹಿಡಿದಳು, ಬ್ರಷ್ ನಾನು. ಅವಳು ಮೊದಲು ಕರೆದುಕೊಂಡು ಹೋಗಿದ್ದು ನನ್ನ ಮನೆ ಮುಂದಿನ ಕಂಬಕ್ಕೆ. ಹಾಳೆ ಅಂಟಿಸಿ ಅಂಗೈಯಿಂದ ಸವರುತ್ತಿದ್ದಾಗ ನನ್ನ ಹೆಂಡತಿ ಕಿಟಕಿ ತೆರೆದು ಇಣುಕಿದಳು. ಅಷ್ಟು ದೂರಕ್ಕೆ ಅವಳಿಗೆ ಕಂಡಿದ್ದು ಕಪ್ಪು ಅಂಚು ಮಾತ್ರ.

“ಯಾರ್ರೀ ಸತ್ತಿದ್ದು?” ಎಂದು ಕೇಳಿದಳು.

ಗೋಸ್ಪಾವಾ ಡಬ್ಬಿ ಕೆಳಗಿಟ್ಟು, “ಇಳಿದು ಬಂದು ಓದಮ್ಮಾ,” ಎಂದಳು.